ಹರಣ್ಯಾನ ಫ್ಲೆಕ್ಸೂ ನನ್ನ ಕೀಬೋರ್ಡೂ

ನೀವು ನಂಬೂದಿಲ್ಲ ಬಿಡ್ರಿ. ನಂಬೂದೂ ಬ್ಯಾಡ, ಯಾಕಂದ್ರ ನಂಬಿದವರೆಲ್ಲಾ ಆಮ್ಯಾಲ ಬಸ್‌ಸ್ಟ್ಯಾಂಡಿನ್ಯಾಗ ನನ್ನ ನೋಡಿ ಬಾಯಿಗೆ ಟಾವೆಲ್ ಹಿಡಕೋತಾರ. ಹೊಟ್ಟಿಕಿಚ್ಚು ಅನ್ನೂದಕ್ಕೂ ಒಂದ ಮರ್ಯಾದಿ ಇರತೈತಿ. ಕೆಲವರು ಕ್ಲಾಸಿಗೆ ಫಸ್ಟ್ ಬಂದವನ್ನ ನೋಡಿ ಉರೀತಾರ, ಕೆಲವರು ಮಗ್ಗಲ ಮನಿಯವರ ಹೊಸ ಕಾರ್ ನೋಡಿ ಉರೀತಾರ. ನಾ ಉರಿಯೂದು ನಮ್ಮ ಎತ್ತಿನ್ನ ನೋಡಿ. ಹೌದ್ರಿ, ಎತ್ತು. ನಾಕ ಕಾಲು, ಎರಡ ಕೋಡು, ಒಂದ ಬಾಲ. ಖಿಲಾರಿ ತಳಿ, ಹೆಸರು ಹರಣ್ಯಾ. ಹೆಸರಿಗೆ ತಕ್ಕಂಗ ಜಿಂಕಿಯಂಗ ಓಡತೈತಿ, ಅದ ಅದರ ತಪ್ಪು.

ನಮ್ಮ ಸತ್ತಿ ಊರಾಗ ಓಟದ ಶರ್ಯತ್ತಿನ ಎತ್ತು ಇದ್ದವನ ಮನೀಗೆ ಮಂದಿ ಚಪ್ಪಲಿ ಬಿಟ್ಟು ಬರತಾರ. ಹರಣ್ಯಾ ಹ್ವಾದ ವರ್ಷ ತೆಲಸಂಗದ ಕಡೆ ಓಡಿ ಒಂದ ಬೈಕ್ ಗೆದ್ದು ತಂತು. ನೀವ ವಿಚಾರ ಮಾಡ್ರಿ, ನಮ್ಮ ಮನ್ಯಾಗ ಬೈಕ್ ಇರೂದು ಎತ್ತಿನ ದುಡಿಮಿಂದು. ನಾ ಒಂದ ರೌಂಡ್ ಹೊಡೀತೇನಿ ಅಂದ್ರ ಅಪ್ಪ ಅಂತಾನ, "ಅದು ಹರಣ್ಯಾಂದು, ಕೆಡವಿದಿ ಅಂದ್ರ ಅದಕ್ಕೇನ್ ಮಾರಿ ತೋರಸ್ಲಿ?" ಅದಕ್ಕ ದಿನಾ ಬದಾಮಿ, ಖಾರೀಕ, ಎರಡ ಹೊತ್ತು ಹಾಲು. ಅದರ ಗ್ವಾದಲಿ ಮ್ಯಾಲ ಹೊಸಾ ಫ್ಯಾನು, ಸುತ್ತ ಸೊಳ್ಳಿ ಪರದೆ. ನನ್ನ ಖೋಲ್ಯಾಗಿನ ಫ್ಯಾನು ತಿರಗೂವಾಗ ಯಾರೋ ಶೇಂಗಾ ಒಡ್ಯಾಕತ್ತಂಗ ಸಪ್ಪಳಾ ಮಾಡತೈತಿ. ನಾ ಬದಾಮಿ ತಿಂದಿದ್ದು ಒಮ್ಮೆ. ಅದೂ ಹರಣ್ಯಾ ಮೂಸಿ ಬಿಟ್ಟಿದ್ದು.

ನಮ್ಮ ಅಪ್ಪಗ ಜಗತ್ತಿನ್ಯಾಗ ಒಂದ ಸರ್ಟಿಫಿಕೇಟ್ ಮ್ಯಾಲ ನಂಬಿಗಿ, ಹಲ್ಲು. ದನದ ಸಂತ್ಯಾಗ ಹೋರಿ ಬಾಯಿ ತಗದು ಕೆಳಗಿನ ತುಟಿ ಜಗ್ಗಿ ನೋಡಿದ ಅಂದ್ರ ಅದರ ವಯಸ್ಸು, ತಾಕತ್ತು, ಮಾಲಕನ ಸುಳ್ಳು ಎಲ್ಲಾ ಹೊರಗ ಬರತಾವ. ಎರಡ ಹಲ್ಲು, ನಾಕ ಹಲ್ಲು, ಆರ ಹಲ್ಲು ಅಂತ ಲೆಕ್ಕ. ಇನ್ನೂ ಹಾಲಹಲ್ಲು ಬೀಳದ ಹೋರಿಗೆ "ಆದತ್" ಅಂತಾರ, ಅದಕ್ಕ ದೊಡ್ಡ ಎತ್ತುಗೋಳ ಜೋಡಿ ಮೈದಾನಕ್ಕ ಇಳಿಯೂ ಯೋಗ ಇಲ್ಲ. ನಮ್ಮ ದೀಪಾ ಅಕ್ಕನ್ನ ನೋಡಾಕ ಒಬ್ಬಾಂವ ಬಂದಿದ್ದ, ಬ್ಯಾಂಕಿನ್ಯಾಗ ಕೆಲಸ. ಎಲ್ಲಾರೂ ಪಗಾರ ಕೇಳೂವಾಗ ಅಪ್ಪ ಅಂವ ನಗೂ ತನಕಾ ಕಾದು ಬಾಯಾಗ ಇಣಕಿ ನೋಡಿದ್ದ. ಅಂವ ಹೋದಮ್ಯಾಲ "ದವಡಿ ಹಲ್ಲು ಹುಳಾ ಹತ್ಯಾವ" ಅಂದ. ಮುಗೀತು ಸಂಬಂಧ.

ಇಂಥಾ ಅಪ್ಪಗ ಹ್ವಾದ ತಿಂಗಳ ನನ್ನ ಹುಟ್ಟಿದ ದಿನ ನೆನಪಾಗಲಿಲ್ಲ. ಅವ್ವ ಶಿರಾ ಮಾಡಿದ್ಲು. ಅಪ್ಪ ಎರಡ ಸಲ ಹಾಕಿಸ್ಕೊಂಡು ತಿಂದು, ಬೆರಳ ಚೀಪಿ, "ಇವತ್ತೇನ್ ವಿಶೇಷ? ಹರಣ್ಯಾಗೂ ಒಂಚೂರು ಇಡ್ರಿ" ಅಂದ. ನನ್ನೊಳಗ ಕಬ್ಬಿನ ಒಣ ರವದಿಗೆ ಬೆಂಕಿ ಹಚ್ಚಿದಂಗ ಆಗಿತ್ತು.

ಈಗ ಕೇಳ್ರಿ ಮುಂದಿಂದು. ಹರಣ್ಯಾ ನಮ್ಮ ಮನೀಗೆ ಬಂದ ದಿನಾನ ಅಪ್ಪ ಅದರ ಹುಟ್ಟುಹಬ್ಬ ಅಂತ ಠರಾಸ್ಯಾನ. ಕೇಕು, ಹಲಗಿ ಬಾರಸೂದು, ಹುಡುಗುರಿಗೆ ಮಸಾಲಿ ಅನ್ನ, ಮ್ಯಾಲ ಬಸ್‌ಸ್ಟ್ಯಾಂಡ್ ಎದರ ಮನಿ ಗ್ವಾಡಿಯಷ್ಟ ದೊಡ್ಡ ಫ್ಲೆಕ್ಸ್. ನಡುವ ಹರಣ್ಯಾನ ಫೋಟೋ, ಕೋಡಿಗೆ ರಿಬ್ಬನ್. ಆ ಫ್ಲೆಕ್ಸಿನ ಮ್ಯಾಟರ್ ಯಾರ ಟೈಪ್ ಮಾಡಬೇಕು? ನಾನ. ಯಾಕಂದ್ರ ಹೊಳಿ ಈ ದಂಡಿಯಿಂದ ಆ ದಂಡಿ ತನಕಾ ನನ್ನಷ್ಟ ಫಾಸ್ಟ್ ಕನ್ನಡ ಟೈಪಿಂಗ್ ಯಾರಿಗೂ ಬರೂದಿಲ್ಲ, ಹಿಂಗಂತ ನಾನ ಎಲ್ಲಾರಿಗೂ ಹೇಳಿಟ್ಟೇನಿ. "ಸುಮ್ಯಾ, ಸಂಜೀ ಒಳಗ ಅಥಣಿ ಅಂಗಡೀಗೆ ಕಳಸು. ಛಲೋತ್ನಂಗ ಬರಿ, ನಿನ್ನ ಸ್ವಂತ ತಮ್ಮಗ ಬರದಂಗ" ಅಂದ ಅಪ್ಪ. ತಮ್ಮ ಅಂತ!

ಅಕ್ಕನ ಲ್ಯಾಪ್‌ಟಾಪ್ ತಗದು ಕುಂತೆ. ಕನ್ನಡ ಚಾಲೂ ಮಾಡಿ "ಹರಣ್ಯಾ" ಅಂತ ಹೊಡದ್ರ ತೆರಿ ಮ್ಯಾಲ ಬಂದಿದ್ದು ಬರೀ "ರ್ಯಾ". ಯಾರೋ ಮೂಗಿನ್ಯಾಗ ಸೀನಿದಂಗ. ಮತ್ತ ಹೊಡದೆ, ಮತ್ತ ಸೀನು. ಹ ಹೊಡೀವಲ್ದು, ಣ ಹೊಡೀವಲ್ದು, ಅಳಸೂ ಬಟನ್ ಒತ್ತಿದ್ರ ಅದೂ ಗಪ್. ನೀವ ನೋಡ್ರಿ, ಹರಣ್ಯಾ, ಹುಟ್ಟುಹಬ್ಬ, ಹಾರ್ದಿಕ, ಎಲ್ಲಾದಕ್ಕೂ ಹ ಬೇಕು. ನನ್ನ ಹೆಸರು ಹೊಡದೆ: ಸುಮಿತ. ಒಂದ ಏಟಿಗೆ, ಬೆಣ್ಣ್ಯಾಗ ಕೂದಲ ಎಳದಂಗ ಬಂತು. ಆವಾಗ ಕೀಬೋರ್ಡಿಗೆ ಕೈ ಮುಗದೆ. ಈ ಮನ್ಯಾಗ ನನ್ನ ಕಡೆ ಆಗಿ ನಿಂತಿದ್ದು ಅದೊಂದ.

ಮಾರಿ ಸಣ್ಣದು ಮಾಡ್ಕೊಂಡು ಪಡಸಾಲಿಗೆ ಬಂದು "ಅಪ್ಪಾ, ಕೀಬೋರ್ಡ್ ಸತ್ತೈತಿ. ಈ ವರ್ಷ ಫ್ಲೆಕ್ಸ್ ಆಗೂದಿಲ್ಲ. ದೇವರ ಮನಸ್ಸಿನ್ಯಾಗ ಇಲ್ಲ ಅನಸ್ತೈತಿ" ಅಂದೆ.

ಅಪ್ಪ ಬಾಯಿ ತಗಿಯೂದರೊಳಗ ಅಕ್ಕ ಬಾಯಿ ಹಾಕಿದ್ಲು. "ಕೀಬೋರ್ಡ್ ಯಾಕ್ ಸಾಯ್ತೈತಿ? ಮುಂಜಾನೆ ನಾ ಇಂಗ್ಲಿಷಿನ್ಯಾಗ ಅರ್ಜಿ ತುಂಬೇನಿ. ನಿನಗ ಬರೂದಿಲ್ಲ ಅನ್ನ. ಬಿಡ ಅಪ್ಪಾ, ನಾ ಮೊಬೈಲಿನ್ಯಾಗ ಬಾಯಿಲೆ ಹೇಳ್ತೇನಿ, ಅದ ಬರಕೋತೈತಿ. ಇವನ ಟೈಪಿಂಗ್ ಕಾಲ ಮುಗೀತು."

"ನಂಗ ಬರೂದಿಲ್ಲ? ನಂಗ?" ಅಂದೆ. ದನಿ ಒಡದು ಕೊನೀ 'ನಂಗ' ಮೇಕಿ ಮರಿಯಂಗ ಬಂತು. ಎತ್ತಿನ ಮುಂದ ಸೋತಿದ್ದು ಸಾಲದ ಇನ್ನ ಮೊಬೈಲಿನ ಮುಂದೂ ಸೋಲೂದಾ? ಒಂದ ಕಡೆ ಹೊಟ್ಟಿಕಿಚ್ಚು ಫ್ಲೆಕ್ಸ್ ಆಗಬಾರದು ಅಂತಿತ್ತು, ಇನ್ನೊಂದ ಕಡೆ ಸೊಕ್ಕು ಮಾಡಿ ತೋರಸು ಅಂತಿತ್ತು. ಸೊಕ್ಕು ಗೆದ್ದಿತು. ನಮ್ಮ ಮನ್ಯಾಗ ಅದ ಭಾರಿ ತಳಿ.

ರಿಪೇರಿ ಸುರು ಆತು. ಮೊದಲ ಲ್ಯಾಪ್‌ಟಾಪ್ ಬೋರಲ ಹಾಕಿ ಜಾಡಿಸಿದೆ. ಚುರುಮುರಿ ಬಿತ್ತು, ಎಳ್ಳ ಬಿತ್ತು, ಬಿಳೇ ಕೂದಲ ಬಿದ್ದುವು. ಹರಣ್ಯಾನ ಕೂದಲ! ಅಪ್ಪ ರಾತ್ರಿ ಅದಕ್ಕ ಅದರ ಶರ್ಯತ್ತಿನ ವಿಡಿಯೋ ತೋರಸ್ತಾನ ಅಂತ ನಂಗ ಮೊದಲ ಸಂಶೆ ಇತ್ತು. ನಾ ಕ್ರಿಕೆಟ್ ನೋಡಿದ್ರ ನೆಟ್ ಮುಗೀತು ಅಂತಾನ! ಆಮ್ಯಾಲ ಸೈಕಲ್ ಪಂಪಿಲೆ ಗಾಳಿ ಹೊಡದೆ. ಹ ಅನ್ನೂ ಬಟನ್ ಕಿತ್ತಿ ಒಳಗ ನೋಡಿದೆ, ಹಲ್ಲ ಕಿತ್ತ ವಸಡಿನಂಗ ಕಂಡಿತು, ಹೆದರಿ ಮತ್ತ ಕುಂದ್ರಿಸಿದೆ. ಬಂದ್ ಮಾಡಿ ಚಾಲೂ ಮಾಡಿದೆ. ಊದಿನಕಡ್ಡಿ ಹಚ್ಚಿದ್ದು ಮಾತ್ರ ಹೇಳೂದಿಲ್ಲ. ಮೊಬೈಲಿನ್ಯಾಗ ಹುಡುಕಿದ್ರ ಒಬ್ಬಾಂವ ಡ್ರೈವರ್ ತಗೀ ಅಂದ, ಒಬ್ಬಾಂವ ಹೊಸಾ ಕೀಬೋರ್ಡ್ ತಗೋ ಅಂದ.

ಕನ್ನಡ ಬಂದ್ ಮಾಡಿ ಬರೀ ಇಂಗ್ಲಿಷ್ ಹೊಡದು ನೋಡಿದೆ. ಎಲ್ಲಾ ಬಟನ್ ಲಗಾಮ ಬಿಚ್ಚಿದ ಕುದರಿಯಂಗ ಓಡಿದ್ವು. ಅಂದ್ರ ಬಟನ್ ಸತ್ತಿಲ್ಲ, ಯಾರೋ ಹಿಡದು ಕುಂತಾರ. ತೆರಿ ಮೂಲ್ಯಾಗ ಸಣ್ಣ ಬಾಣದ ಗುರ್ತು ಒತ್ತಿದೆ, ಕಳ್ಳರು ಸಿಕ್ಕರು. ಒಂದಲ್ಲ, ಎರಡ ಸಾಫ್ಟ್‌ವೇರ್ ಮಗ್ಗಲಿಗೆ ಮಗ್ಗಲ ಕುಂತಾವ. ಒಂದು ಅಕ್ಕ ಹಾಕಿದ ಕನ್ನಡದ್ದು. ಇನ್ನೊಂದು ಮರಾಠಿದು. ನಾ ಒಂದ ಬಟನ್ ಒತ್ತಿದ್ರ ಇದು ನಂದು ಅಂತ ಜಗ್ಗತೈತಿ, ಅದು ನಂದು ಅಂತ ಜಗ್ಗತೈತಿ, ನಡುವ ಅಕ್ಷರ ಯಾರಿಗೂ ಸಿಗೂದಿಲ್ಲ. ಒಂದ ನೊಗಕ್ಕ ಎರಡ ಎತ್ತು ಕಟ್ಟಿ ಒಂದರ ಮಾರಿ ಅಥಣಿಗೆ, ಇನ್ನೊಂದರ ಮಾರಿ ಮೀರಜಕ್ಕ ಮಾಡಿದಂಗ. ಮರಾಠಿದು ಯಾರ ಹಾಕಿದ್ರು ಅಂತ ಕೇಳಬ್ಯಾಡ್ರಿ. ನಿಪ್ಪಾಣಿ ಮಾವನ ಮಗ ಮರಾಠಿ ಸ್ಟೇಟಸ್ ಹಾಕಿ ಭಾಳ ಲೈಕ್ ತಗೊಂಡಿದ್ದ, ಅದ ನನ್ನ ಕಣ್ಣಿಗೆ ಚುಚ್ಚಿತ್ತು. ಹೊಟ್ಟಿಕಿಚ್ಚಿಗೆ ಭಾಷಾಭೇದ ಇಲ್ಲರಿ.

ಮರಾಠಿದ್ದಕ್ಕ "ನೀ ಸ್ವಲ್ಪ ಮಲಗಪಾ" ಅಂತ ಬಂದ್ ಮಾಡಿದೆ. ಹ ಹೊಡದೆ. ಬಂತು! ಹಹಹಹ ಅಂತ ಒಂದ ಸಾಲ ತುಂಬ ಹೊಡದೆ, ಲ್ಯಾಪ್‌ಟಾಪ್ ನನ್ನ ಜೋಡಿ ನಕ್ಕಂಗ ಆತು. ಆಮ್ಯಾಲ ಒಂದ ದಮ್ಮಿನ್ಯಾಗ ಹರಣ್ಯಾನ ಮ್ಯಾಟರ್ ಪೂರಾ ಇಳಿಸಿದೆ. "ಮೈದಾನದ ಮಿಂಚು, ಸತ್ತಿ ಊರಿನ ಮಾನ, ಅಪ್ಪನ ಎದಿಬಡಿತ, ಆರ ಹಲ್ಲಿನ ಖಿಲಾರಿ, ಚಿರಂಜೀವಿ ಹರಣ್ಯಾಗ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು." ಓದಿದೆ. ಭಾಳ ಛಂದ ಬಂದಿತ್ತು. ಅಷ್ಟ ಛಂದ ಬಂದಿದ್ದಕ್ಕ ಹೊಟ್ಟ್ಯಾಗ ಮತ್ತ ಹೊಗಿ ಎದ್ದಿತು. ಇಷ್ಟೆಲ್ಲಾ ನಾ ಕಷ್ಟಪಟ್ಟು ಹೊಡದಿದ್ದು, ಓದಾಕ ಬರದ ಪ್ರಾಣಿಗೆ?

ಆವಾಗ ಬರೀ ಟೆಸ್ಟ್ ಸಲುವಾಗಿ, ಅಳಸೂ ಬಟನ್ ಹೊಡೀತೈತೋ ಇಲ್ಲೋ ನೋಡೂಣು ಅಂತ, ಹರಣ್ಯಾನ ಹೆಸರು ಅಳಸಿದೆ. ಅಳಸಿತು. ಖಾಲಿ ಜಾಗಾ ಭಣಭಣ ಅಂತಿತ್ತು, ಸುಮಿತ ಅಂತ ಹೊಡದೆ. ಹೆಸರು ಒಂದು, ಫೋಟೋ ಒಂದು ಆದ್ರ ಮಂದಿ ಏನಂತಾರ ಅಂತ ಎತ್ತಿನ ಫೋಟೋ ತಗದು ಗೆಳ್ಯಾನ ಗಾಗಲ್ ಹಾಕ್ಕೊಂಡ ನನ್ನ ಫೋಟೋ ಕುಂದ್ರಿಸಿದೆ. ತೆರಿ ತುಂಬ ದೊಡ್ಡದು ಮಾಡಿ, ಎರಡ ಹೆಜ್ಜಿ ಹಿಂದ ಸರದು, ಕೈ ಕಟ್ಟಿ ನೋಡಿದೆ. ಅಪ್ಪನ ಎದಿಬಡಿತ, ಚಿರಂಜೀವಿ ಸುಮಿತ. ಕಣ್ಣಾಗ ನೀರ ಬಂತು ಅಂದ್ರ ಅದು ಊದಿನಕಡ್ಡಿ ಹೊಗಿಗೆ.

"ಆತೇನೋ?" ಬಾಗಲ್ದಾಗ ಅಪ್ಪ.

ಲ್ಯಾಪ್‌ಟಾಪಿಗೆ ಅಡ್ಡ ನಿಂತೆ. ಅಪ್ಪ ಎತ್ತಿನ್ನ ಮಗ್ಗಲಿಗೆ ಸರಸಿದಂಗ ನನ್ನ ಒಂದ ಕೈಲೆ ಸರಸಿದ. ಚಾಳೀಸ ಏರಿಸಿಕೊಂಡು, ತೆರಿಗೆ ಬೆರಳ ಹಚ್ಚಿ, ಸಾಲಿ ಹುಡುಗನಂಗ ಓದಿದ. "ಮೈದಾನದ... ಮಿಂಚು." ನನ್ನ ನೋಡಿದ. "ಸತ್ತಿ ಊರಿನ... ಮಾನ." ನನ್ನ ಚಡ್ಡಿ ನೋಡಿದ. "ಅಪ್ಪನ ಎದಿಬಡಿತ." ಚಾಳೀಸ ತಗದು ಒರಸಿ ಮತ್ತ ಹಾಕ್ಕೊಂಡ. ಬೆರಳು ಮುಂದ ಹೋತು. "ಆರ ಹಲ್ಲಿನ ಖಿಲಾರಿ... ಚಿರಂಜೀವಿ... ಸುಮಿತ."

ಅಯ್ಯಯ್ಯೋ, ಆ ಹಲ್ಲಿನ ಮಾತೊಂದ ಅಳಸೂದು ಮರತಿದ್ದೆ.

"ಬಾ ಇಲ್ಲೆ" ಅಂದ ಅಪ್ಪ.

"ಅಪ್ಪಾ, ಅದು ಟೆಸ್ಟ್..."

"ಬಾಯಿ ತಗಿ."

ತಗದೆ. ಎಡಗೈಲೆ ದವಡಿ ಹಿಡದು, ಬಲಗೈ ಹೆಬ್ಬಟ್ಟಿಲೆ ಕೆಳಗಿನ ತುಟಿ ಜಗ್ಗಿ, ಬೆಳಕಿನ ಕಡೆ ಮಾರಿ ತಿರಿವಿ, ಸಂತ್ಯಾಗ ನೋಡಿದಂಗ ನೋಡಿದ. ಕೈ ತುಂಬ ಹರಣ್ಯಾನ ಎಣ್ಣಿ ವಾಸನಿ. ಆದ್ರ ಸುಳ್ಳ ಯಾಕ ಹೇಳ್ಲಿ, ಅಪ್ಪ ಅಷ್ಟ ಹತ್ರದಿಂದ, ಅಷ್ಟ ಹೊತ್ತು, ಅಷ್ಟ ಲಕ್ಷಗೊಟ್ಟು ನನ್ನ ನೋಡಿದ್ದು ಅದ ಮೊದಲು. ಎದಿ ಒಂಚೂರು ಉಬ್ಬಿತು ಕೂಡ. ಇನ್ನೇನು ಬೆನ್ನ ತಟ್ಟತಾನ ಅನಕೊಂಡೆ.

ಅಪ್ಪ ತುಟಿ ಬಿಟ್ಟ. ಧೋತರಕ್ಕ ಕೈ ಒರಸಿಕೊಂಡ. ಹಿಂದ ಬಾಗಲ್ದಾಗ ನಿಂತ ಅಕ್ಕಗ ಹೇಳಿದ, "ಆದತ್ ಐತಿ. ಮೈದಾನಕ್ಕ ಇನ್ನಾ ಟೈಮ್ ಹಿಡೀತೈತಿ." ಲ್ಯಾಪ್‌ಟಾಪ್ ಟಪ್ ಅಂತ ಮುಚ್ಚಿದ. "ಮೊಬೈಲಿನ್ಯಾಗ ನೀನ ಹೇಳವ್ವಾ. ಲೇ ಸುಮ್ಯಾ, ನೀ ಹೋಗಿ ಹರಣ್ಯಾಗ ನೀರ ಕುಡಸು."

ಹ್ವಾದೆ. ಬಕೀಟು ಇಟ್ಟೆ. ಹರಣ್ಯಾ ಫ್ಯಾನಿನ ಕೆಳಗ ತಂಪಾಗಿ ನಿಂತಿತ್ತು. ನನ್ನ ಮಾರಿ ನೋಡಿ ನಿಧಾನಕ ಬಾಯಿ ಆಕಳಿಸಿತು. ಆರೂ ಹಲ್ಲು ಕಂಡುವು.