ದಾರಿ ತೋರಿಸುವವರನ್ನು ಹುಡುಕಿ ಹೈದರಾಬಾದಿಗೆ

ನಮ್ಮ ಮನೆತನದವರು ಒಂದನ್ನು ಹುಡುಕಲು ಹೊರಟರೆ ಮೊದಲು ಸಿಗುವುದು ಮತ್ತೊಂದೇ. ಇದು ಅಜ್ಜನ ಕಾಲದಿಂದ ನಡೆದುಬಂದಿದೆ, ಈಗಲೂ ನಿಂತಿಲ್ಲ. ಹೋದ ವಾರ ನನ್ನ ಮೊಮ್ಮಗಳು ಹಲ್ಲಿನ ಡಾಕ್ಟರನ್ನು ಹುಡುಕಿ ಹೋದವಳು ಬೆಕ್ಕಿನ ಮರಿ ಹಿಡಿದುಕೊಂಡು ಮನೆಗೆ ಬಂದಳು. ಆದರೆ ನನ್ನ ಬದುಕನ್ನೇ ತಿರುಗಿಸಿದ ಹುಡುಕಾಟ ಒಂದೇ. ಅದನ್ನು ನೆನೆದರೆ ಈ ವಯಸ್ಸಿನಲ್ಲೂ ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ.

ಪೊಲೀಸ್ ಆಕ್ಷನ್ ಮುಗಿದು, ನಿಜಾಮನ ಆಳ್ವಿಕೆ ಹೋಗಿ, ನಾವು ಮೈಸೂರಿನ ಜೊತೆ ಸೇರುತ್ತೇವೋ ಇಲ್ಲವೋ ಎಂದು ಸುರಪುರದ ಕಟ್ಟೆ ಕಟ್ಟೆಯ ಮೇಲೂ ವಾದ ನಡೆಯುತ್ತಿದ್ದ ಕಾಲ. ನಾನು ಅಲ್ಲಿನ ರಂಗಂಪೇಟೆಯ ಕಿರಾಣಿ ಅಂಗಡಿಯವರ ಮಗಳು. ಕಷ್ಟಪಟ್ಟು ಉರ್ದುವಿನಲ್ಲಿ ಏಳನೆಯ ಇಯತ್ತೆ ಪಾಸು ಮಾಡಿದ್ದೆ. ಪಾಸು ಮಾಡಿ ಉಸಿರು ಬಿಡುವಷ್ಟರಲ್ಲಿ ಉರ್ದು ಹೋಗಿ ಕನ್ನಡ ಬಂತು. ಮುಂದೆ ಏನು ಓದಬೇಕು, ಎಲ್ಲಿ ಓದಬೇಕು, ಓದಿದ ಹುಡುಗಿ ಏನಾಗಬಹುದು ಎಂದು ಹೇಳುವವರು ಊರಲ್ಲಿ ಒಬ್ಬರೂ ಇರಲಿಲ್ಲ. ಆ ವರ್ಷ ದಾರಿ ಕಾಣದಿದ್ದರೆ ಮರುವರ್ಷ ಮದುವೆ ಎಂದು ಅಪ್ಪ ಮೆತ್ತಗೆ ಹೇಳಿಬಿಟ್ಟಿದ್ದರು.

ಸರಪರಸ್ತ್

ಸುದ್ದಿ ತಂದವರು ಶಹಾಪುರದ ಒಬ್ಬ ಬಾಯಾರು. ನಮ್ಮ ಕಡೆ ಪಾಠ ಹೇಳುವ ಹೆಂಗಸಿಗೆ ಹಾಗೇ ಅನ್ನುವುದು. ಹೈದರಾಬಾದಿನಲ್ಲಿ ಓದಿದ ಹೆಂಗಸರು ಸೇರಿ ಒಂದು ಮಂಡಳಿ ಮಾಡಿದ್ದಾರೆ, ಜಿಲ್ಲೆಗಳಿಂದ ಬಂದ ಒಬ್ಬೊಬ್ಬ ಹುಡುಗಿಗೆ ಅವರಲ್ಲಿ ಒಬ್ಬೊಬ್ಬರು ಹಿರಿಯಕ್ಕನ ಹಾಗೆ ನಿಂತು ದಾರಿ ತೋರಿಸುತ್ತಾರೆ, ಇರಲು ಹಾಸ್ಟೆಲ್ ಕೂಡ ಇದೆ ಎಂದು ಅವರು ಅಂಗಡಿಗೆ ಬಂದು ಹೇಳಿದರು. ಕೇಳಿ ನನಗೆ ಕುಣಿಯುವಷ್ಟು ಖುಷಿ. ಆದರೆ ಅಪ್ಪನಿಗೆ ಸುಲಭವಾಗಿ ತಿಳಿಯಲಿ ಎಂದು ಬಾಯಾರು ಕೊನೆಗೆ ಒಂದು ಉರ್ದು ಮಾತು ಸೇರಿಸಿದರು: ಹುಡುಗಿಗೆ ಅಲ್ಲಿ ಒಬ್ಬ ಸರಪರಸ್ತ್ ಸಿಗುತ್ತಾರೆ.

ಸರಪರಸ್ತ್ ಅಂದರೆ ಪಾಲಕರು. ಅಂಗಡಿಯಲ್ಲಿ ಬೆಲ್ಲ ಕೊಳ್ಳುತ್ತಿದ್ದವರು ಅಷ್ಟನ್ನೇ ಹಿಡಿದುಕೊಂಡು ಹೋದರು. ಸಂಜೆಯೊಳಗೆ ರಂಗಂಪೇಟೆಯ ತುಂಬ ಒಂದೇ ಮಾತು: ಕಿರಾಣಿಯವರು ಮಗಳನ್ನು ಹೈದರಾಬಾದಿನವರಿಗೆ ದತ್ತಕ ಕೊಡುತ್ತಿದ್ದಾರೆ. ಓಣಿಯ ಹೆಂಗಸರು ಅವ್ವನಿಗೆ ಸಮಾಧಾನ ಹೇಳಲು ಸಾಲುಗಟ್ಟಿ ಬಂದರು. ಕೆಲವರು ಬರುವಾಗಲೇ ಅಳುತ್ತಾ ಬಂದರು. ಅವ್ವನಿಗೆ ವಿಷಯವೇ ಗೊತ್ತಿರಲಿಲ್ಲ, ಆದರೂ ಅಷ್ಟು ಮಂದಿ ಅಳುವುದನ್ನು ನೋಡಿ ತಾನೂ ಅತ್ತಳು.

ಅಪ್ಪ ಬಂದು, ದತ್ತಕ ಅಲ್ಲ, ಬರೀ ಓದಿಸುವುದು, ಹುಡುಗಿ ನಮ್ಮವಳೇ ಎಂದು ಬಿಡಿಸಿ ಹೇಳಿದ ಮೇಲೆ ಎಲ್ಲರೂ ಕಣ್ಣೊರೆಸಿಕೊಂಡು ಎದ್ದರು. ಪಕ್ಕದ ಮನೆಯಾಕೆ ಮಾತ್ರ ಹಿಂದುಳಿದು ಅಪ್ಪನನ್ನು ಬಾಗಿಲ ಬಳಿ ಕರೆದು ಮೆಲ್ಲಗೆ ಕೇಳಿದಳು: "ಅಣ್ಣಾರ, ನಿಮ್ಮ ಹುಡುಗಿನ್ನ ಕೊಡೂದಿಲ್ಲಂದ್ರ ಬಿಡ್ರಿ. ನಮ್ಮ ಎರಡನೇ ಮಗ ಅದಾನಲ್ಲ, ಅವನ್ನ ತಗೊಂತಾರೇನು ಕೇಳಿ ನೋಡ್ರಿ."

ರೈಲು ಡಬ್ಬಿ

ನನ್ನ ಜೊತೆ ಹೊರಟದ್ದು ನಮ್ಮ ಅತ್ತೆ, ಅಪ್ಪನ ಅಕ್ಕ. ಹಣೆ ತುಂಬ ವಿಭೂತಿ, ಓಣಿ ತುಂಬ ಕೇಳುವ ದನಿ. ಅಕ್ಷರ ಬಾರದು, ಅಂಜಿಕೆಯೂ ಬಾರದು. ಸುರಪುರದಿಂದ ಶಹಾಪುರ, ಅಲ್ಲಿಂದ ಯಾದಗಿರಿ, ಯಾದಗಿರಿಯಲ್ಲಿ ರೈಲು ಹತ್ತಿ ವಾಡಿಯಲ್ಲಿ ಇಳಿದು ಹೈದರಾಬಾದಿನ ಗಾಡಿ ಹಿಡಿದೆವು. ಕಿಟಕಿಯ ಹೊರಗಿನ ಪ್ರತಿ ತೊಗರಿ ಹೊಲವೂ ನನಗೆ ಹೊಸ ದೇಶದ ಹಾಗೆ ಕಾಣುತ್ತಿತ್ತು.

ಎದುರಿಗೆ ಕೂತಿದ್ದ ಪೇಟದ ಮುದುಕರು ಎಲ್ಲಿಗೆ ಎಂದು ಕೇಳಿದರು. ಹುಡುಗಿಗೆ ದಾರಿ ತೋರಿಸುವವರನ್ನು ಹುಡುಕಿ ಹೊರಟಿದ್ದೇವೆ ಎಂದಳು ಅತ್ತೆ. ಅಷ್ಟು ಸಾಕಾಯಿತು. ಮುದುಕರು ಮದುವೆಗಿಂತ ಒಳ್ಳೆಯ ದಾರಿ ಇಲ್ಲ ಎಂದರು. ಅವರ ಪಕ್ಕದ ಹವಾಲ್ದಾರ, ಮದುವೆ ಎಲ್ಲಿ ಹೋಗುತ್ತದೆ, ಮೊದಲು ನರ್ಸ್ ಆಗಲಿ ಎಂದ. ಒಬ್ಬ ಬಟ್ಟೆ ವ್ಯಾಪಾರಿ ಹೊಲಿಗೆ ಯಂತ್ರ ಕಲಿತರೆ ಯಾವ ಸರಕಾರ ಬಂದರೂ ಚಿಂತೆಯಿಲ್ಲ, ಎಲ್ಲ ಸರಕಾರದಲ್ಲೂ ಕುಪ್ಪಸ ಹರಿಯುತ್ತದೆ ಎಂದ. ಮೇಲಿನ ಹಲಗೆಯ ಮೇಲೆ ಮಲಗಿದ್ದವನು ತಲೆ ಕೆಳಗೆ ಚಾಚಿ, ಇಂಗ್ಲಿಷ್ ಕಲಿಯದೆ ಇವೆಲ್ಲ ದಂಡ ಎಂದು ಹೇಳಿ ಮತ್ತೆ ನಿದ್ದೆ ಹೋದ. ಸೇಡಂ ದಾಟುವುದರೊಳಗೆ ಡಬ್ಬಿ ಎರಡು ಪಕ್ಷವಾಗಿ, ಹವಾಲ್ದಾರನೂ ವ್ಯಾಪಾರಿಯೂ ನನ್ನ ಭವಿಷ್ಯಕ್ಕಾಗಿ ಎದ್ದು ನಿಂತು ವಾದಿಸುತ್ತಿದ್ದರು. ನನ್ನ ಬಗ್ಗೆ ಇಷ್ಟು ಜನ ಯೋಚಿಸಿದ್ದು ಅದೇ ಮೊದಲು. ನಾನು ಹಿಗ್ಗಿ ಹೋದೆ.

ತಾಂಡೂರು ಸ್ಟೇಷನ್ ಬಂದಾಗ ಅತ್ತೆ ಸೆರಗು ಸರಿಮಾಡಿಕೊಂಡು ಎದ್ದಳು. ಎಲ್ಲಿಗೆ ಎಂದು ಕೇಳಿದೆ.

"ಇಳಿ, ಮನಿಗಿ ಹೋಗೂಣು," ಎಂದಳು. "ದಾರಿ ಭಾಳ ಆದ್ವು. ಇನ್ನ ಹೈದರಾಬಾದಿಗಿ ಹೋದರ ಇಡಾಕ ಜಾಗ ಎಲ್ಲೈತಿ?"

ಟಾಂಗಾದವನು

ಅಂತೂ ಅವಳನ್ನು ಕೂರಿಸಿ ಹೈದರಾಬಾದು ಮುಟ್ಟಿದೆವು. ಮಂಡಳಿ ಸುಲ್ತಾನ್ ಬಜಾರಿನ ಆಸುಪಾಸು ಎಂದಷ್ಟೇ ಬಾಯಾರು ಹೇಳಿದ್ದರು. ಸ್ಟೇಷನ್ ಹೊರಗೆ ಟಾಂಗಾದವನಿಗೆ ನಾನು ನನ್ನ ಉರ್ದುವಿನಲ್ಲಿ, ಹುಡುಗಿಯರಿಗೆ ರಾಸ್ತಾ ತೋರಿಸುವವರು ಎಲ್ಲಿದ್ದಾರೆ ಎಂದು ಕೇಳಿದೆ. ಅವನು ಎದೆ ಮುಟ್ಟಿಕೊಂಡು, ಮೂವತ್ತು ವರ್ಷದಿಂದ ಈ ಊರಿನಲ್ಲಿ ಎಲ್ಲರಿಗೂ ರಾಸ್ತಾ ತೋರಿಸುತ್ತಿರುವವನು ನಾನೇ, ಹತ್ತಿ ಎಂದ.

ನೀವಲ್ಲ, ಓದಿದ ಹೆಂಗಸರು, ಊರೂರಿನ ಹುಡುಗಿಯರು ಹಿರಿಯರ ಜೊತೆ ಬರುತ್ತಾರೆ, ಹುಡುಗಿಯ ಮುಂದಿನ ಬಾಳು ಅಲ್ಲಿ ಗೊತ್ತಾಗುತ್ತದೆ ಎಂದು ವಿವರಿಸಿದೆ. ಅವನಿಗೆ ಥಟ್ಟನೆ ತಿಳಿಯಿತು. ಕುದುರೆ ಓಡಿಸಿ ಒಂದು ದೊಡ್ಡ ಮನೆಯ ಮುಂದೆ ಇಳಿಸಿದ. ಒಳಗೆ ಜಮಖಾನೆಯ ಮೇಲೆ ಹುಡುಗಿಯರು, ಅವರ ತಾಯಂದಿರು. ಇದೇ ಮಂಡಳಿ ಎಂದುಕೊಂಡೆ. ಕನ್ನಡಕದ ಒಬ್ಬ ಹಿರಿಯ ಹೆಂಗಸು ನಮ್ಮನ್ನು ಕೂರಿಸಿ, ಕನ್ನಡದಲ್ಲೇ ಮಾತಾಡಿಸಿ, ಹೊಲಿಗೆ ಬರುತ್ತದೆಯೇ, ಹಾಡು ಬರುತ್ತದೆಯೇ, ನಾಲ್ಕು ಹೆಜ್ಜೆ ನಡೆದು ತೋರಿಸು ಎಂದರು. ನಾನು ಎಲ್ಲದಕ್ಕೂ ಹೌದೆಂದು ಹಾಡಿದೆ, ನಡೆದೆ. ಎಷ್ಟು ವರ್ಷ ಬೇಕಾದರೂ ಇಲ್ಲೇ ಇರುತ್ತೇನೆ ಎಂದೂ ಸೇರಿಸಿದೆ. ಆಕೆಗೆ ಬಹಳ ಸಂತೋಷವಾಯಿತು. ಹುಡುಗ ರೈಲ್ವೆಯಲ್ಲಿದ್ದಾನೆ ಎಂದರು.

ಟಾಂಗಾದವನು ನಮ್ಮನ್ನು ಇಳಿಸಿದ್ದು ಸಂಬಂಧ ಕುದುರಿಸುವವರ ಮನೆಗೆ ಎಂದು ತಿಳಿದು ನಾನು ಬಾಗಿಲ ಕಡೆ ಸರಿದೆ. ಅತ್ತೆ ಮಾತ್ರ ಗಾಬರಿಯಾಗದೆ, ಹುಡುಗ ಎಷ್ಟು ಓದಿದ್ದಾನೆ ಎಂದು ಕೇಳಿದಳು. ಮೆಟ್ರಿಕ್ಕಿಗೆ ಕೂತಿದ್ದ, ಪಾಸಾಗಲಿಲ್ಲ ಎಂಬ ಉತ್ತರ ಬಂತು.

ಅತ್ತೆ ಗಂಟು ಎತ್ತಿಕೊಂಡು ಎದ್ದಳು. "ಹಂಗಾರ ಪಾಪ, ಅವಗೂ ದಾರಿ ತೋರ್ಸೋರು ಬೇಕ್ರಿ. ನಮ್ಮ ಜೋಡಿ ಕಳಸ್ರಿ, ಹುಡುಕಾಕ ಹೊಂಟೀವಿ."

ಸಾಲಿಗೆ ಹಚ್ಚಿದ್ದು

ಆ ಹೆಂಗಸು ಒಳ್ಳೆಯವರು. ನಾವು ಬಂದ ಕಾರಣ ಕೇಳಿ ನಕ್ಕರು. ನಗು ನಿಂತ ಮೇಲೆ, ನೀವು ಹುಡುಕುವ ಮಂಡಳಿ ಹಿಂದಿನ ಗಲ್ಲಿಯಲ್ಲೇ ಇದೆ ಎಂದು ಆಳಿನ ಜೊತೆ ಕಳಿಸಿಕೊಟ್ಟರು. ಅಲ್ಲಿ ಅಂಗಳ ತುಂಬ ನನ್ನ ಓರಗೆಯ ಹುಡುಗಿಯರು. ಉರ್ದು, ತೆಲುಗು, ಮರಾಠಿ, ಕನ್ನಡ ಎಲ್ಲ ಒಟ್ಟಿಗೆ ಕೇಳುತ್ತಿತ್ತು. ಅಂಥ ಗದ್ದಲವನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ, ಅಷ್ಟು ಇಂಪಾದದ್ದನ್ನೂ ಕೇಳಿರಲಿಲ್ಲ.

ನನ್ನ ಕಡೆ ಬಂದವರು ಒಬ್ಬ ಲೇಡಿ ಡಾಕ್ಟರ್, ಮೈಸೂರು ಕಡೆಯವರು. ಕನ್ನಡ ಕೇಳಿ ನನಗೆ ಜೀವ ಬಂತು. ಏನಮ್ಮ, ನಿನಗೇನು ಬೇಕು ಎಂದು ಕೇಳಿದರು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಮಾತೆಲ್ಲ ಮರೆತು ಒಂದೇ ಉಸಿರಿಗೆ ಹೇಳಿದೆ: "ನನ್ನ ಸಾಲಿಗಿ ಹಚ್ರಿ."

ನಮ್ಮ ಕಡೆ ಸಾಲಿ ಅಂದರೆ ಶಾಲೆ, ಹಚ್ಚುವುದೆಂದರೆ ಸೇರಿಸುವುದು. ಅವರು ಅಷ್ಟೇನಾ ಎಂದು ನಕ್ಕು, ಕೈ ಹಿಡಿದು ಕರೆದುಕೊಂಡು ಹೋಗಿ ಅಂಗಳದ ಮೂಲೆಯಲ್ಲಿದ್ದ ಹುಡುಗಿಯರ ಸಾಲಿನ ತುದಿಗೆ ನನ್ನನ್ನು ನಿಲ್ಲಿಸಿದರು. ಶಾಲೆಗೆ ಸೇರುವುದು ಇಷ್ಟು ಸುಲಭವೇ ಎಂದು ನಾನು ಆನಂದದಿಂದ ನಿಂತೆ. ಸಾಲು ಮುಂದೆ ಹೋಯಿತು. ಕೊನೆಗೆ ಒಬ್ಬ ನರ್ಸ್ ನನ್ನ ತೋಳು ಹಿಡಿದು ಸಿಡುಬಿನ ಲಸಿಕೆ ಚುಚ್ಚಿದಳು. ನಾನು ಕಿರುಚಲಿಲ್ಲ. ಹೈದರಾಬಾದಿನ ಶಾಲೆಯಲ್ಲಿ ಇದೇ ಪದ್ಧತಿ ಇರಬೇಕೆಂದುಕೊಂಡು, ಕ್ಲಾಸು ಯಾವ ಕಡೆ ಎಂದು ಕೇಳಿದೆ.

ಡಾಕ್ಟರಿಗೆ ವಿಷಯ ತಿಳಿದಾಗ ಅವರು ನಗುತ್ತಾ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಈ ಹುಡುಗಿ ನನಗೇ ಇರಲಿ ಎಂದು ಎಲ್ಲರಿಗೂ ಹೇಳಿದರು. ಮುಂದೆ ನನ್ನನ್ನು ಮೆಟ್ರಿಕ್ ಮಾಡಿಸಿದವರು, ಟ್ರೇನಿಂಗ್ ಮಾಡಿಸಿದವರು, ಶಹಾಪುರದಲ್ಲಿ ನನಗೆ ಮಾಸ್ತರಿಕೆ ಸಿಕ್ಕ ದಿನ ನನಗಿಂತ ಹೆಚ್ಚು ಹಿಗ್ಗಿದವರು ಅವರೇ. ಒಟ್ಟಿನಲ್ಲಿ ನಾನು ಶಾಲೆಗೆ ಸೇರಿದ ಗುರುತು ಬೇರೆಯವರಿಗೆ ಕಾಗದದ ಮೇಲಿದ್ದರೆ, ನನಗೆ ತೋಳಿನ ಮೇಲಿದೆ.

ಅತ್ತೆಯ ಕುರ್ಚಿ

ನಾನು ಆ ಸಾಲಿನಲ್ಲಿ ನಿಂತಿದ್ದಾಗ ಅತ್ತೆಗೆ ಮೊಣಕಾಲು ನೋಯುತ್ತಿತ್ತು. ಪಡಸಾಲೆಯಲ್ಲಿ ಹಿರಿಯಕ್ಕಂದಿರಿಗೆಂದು ಕುರ್ಚಿ ಹಾಕಿದ್ದರು. ಒಂದು ಖಾಲಿ ಇತ್ತು. ಅತ್ತೆ ಹೋಗಿ ನೆಟ್ಟಗೆ ಕೂತಳು. ಆ ವಿಭೂತಿ, ಆ ಗತ್ತು ನೋಡಿ ಮಂಡಳಿಯವರು ಯಾರೋ ದೊಡ್ಡ ಮನುಷ್ಯರೇ ಬಂದಿದ್ದಾರೆಂದು ತಿಳಿದು, ರಾಯಚೂರು ಕಡೆಯ ಒಬ್ಬ ಹುಡುಗಿಯನ್ನು ತಂದು ಅವಳ ಮುಂದೆ ಕೂರಿಸಿ, ಇವಳಿಗೆ ನೀವೇ ದಾರಿ ತೋರಿಸಬೇಕು ಎಂದು ಹೇಳಿ ಹೋದರು.

ಹುಡುಗಿ ಅಳುತ್ತಿದ್ದಳು. ಹಾಸ್ಟೆಲಿಗೆ ಬಂದು ವಾರವಾಗಿದೆ, ಇರಲಾಗುವುದಿಲ್ಲ, ಊರಿಗೆ ಹೋಗುತ್ತೇನೆ ಎಂದಳು. ಅತ್ತೆ ಓದಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಊಟಕ್ಕೆ ಏನು ಹಾಕುತ್ತಾರೆ ಎಂದು ಕೇಳಿದಳು. ಬೆಳಗ್ಗೆ ಅನ್ನ, ಸಂಜೆ ಅನ್ನ ಎಂದಳು ಹುಡುಗಿ. ಅತ್ತೆ ಗಂಟು ಬಿಚ್ಚಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಅಂದರೆ ನಮ್ಮ ಕಡೆಯ ಖಾರದ ಚಟ್ನಿಪುಡಿ, ಉಳ್ಳಾಗಡ್ಡಿ ತೆಗೆದು ಕೊಟ್ಟಳು. ಹುಡುಗಿ ತಿಂದಳು, ನೀರು ಕುಡಿದಳು, ಇನ್ನು ಇರುತ್ತೇನೆ ಎಂದಳು.

ಇದನ್ನು ನೋಡಿದ ಪಕ್ಕದ ಹುಡುಗಿಗೂ ಊರು ನೆನಪಾಗಿ ಅಳು ಬಂತು. ಅವಳ ಹಿಂದೆ ಇನ್ನೊಬ್ಬಳಿಗೆ ಬಂತು. ನಾನು ತೋಳು ಉಜ್ಜಿಕೊಳ್ಳುತ್ತಾ ಬರುವ ಹೊತ್ತಿಗೆ ಬಿ.ಎ. ಆದವರ ಮುಂದೆ ಯಾರೂ ಇರಲಿಲ್ಲ, ಅತ್ತೆಯ ಮುಂದೆ ಅಂಗಳದ ಬಾಗಿಲವರೆಗೆ ಹುಡುಗಿಯರು ನಿಂತಿದ್ದರು.

ಕಾರ್ಯದರ್ಶಿಯವರು ಓಡಿಬಂದು, ಇಲ್ಲಿ ಕೂರುವವರು ಕಡಿಮೆಯೆಂದರೂ ಮೆಟ್ರಿಕ್ ಆಗಿರಬೇಕು ಎಂದು ಮೆತ್ತಗೆ ತಿಳಿಸಿದರು. ಅತ್ತೆ ಏಳಲಿಲ್ಲ. ಕೊನೆಗೆ ಅಧ್ಯಕ್ಷೆಯವರನ್ನೇ ಕರೆಸಿದರು. ಅವರು ಕಲಬುರ್ಗಿ ಕಡೆಯವರು, ಮದುವೆಯಾಗಿ ಬಂದು ಹೈದರಾಬಾದಿನಲ್ಲೇ ಇದ್ದವರು, ಗಂಭೀರವಾದ ಹೆಂಗಸು. ಅವರು ಬಂದರೆಂದು ಹುಡುಗಿಯರು ದಾರಿ ಬಿಟ್ಟರು. ಅಧ್ಯಕ್ಷೆಯವರು ಅತ್ತೆಯನ್ನು ನೋಡಿದರು, ಗಂಟನ್ನು ನೋಡಿದರು. ಆಮೇಲೆ ಸೆರಗು ಸುತ್ತಿಕೊಂಡು ಹುಡುಗಿಯರ ಜೊತೆ ಚಾಪೆಯ ಮೇಲೆ ಕೂತು ಕೈ ಚಾಚಿದರು.

"ಅವ್ವಾರ, ನಂಗೂ ಒಂದ್ ದಾರಿ ತೋರ್ಸ್ರಿ," ಎಂದರು. "ಹಿಂಡಿ ಜರಾ ಜಾಸ್ತಿ ಇರ್ಲಿ."