ಬುಗ್ಗೆ ತೋಳಿನ ಪಕ್ಷದ ನಮ್ಮತ್ತೆ

ನಮ್ಮ ಸೋದರತ್ತೆ ಸೊರಬದ ಪೇಟೆಬೀದಿಗೆ ಕಾಲಿಟ್ಟರೆ ಸಾಕು, ದರ್ಜಿಗಳು ಮೆಷಿನ್ ಬಿಟ್ಟೆದ್ದು ಚಹಾ ಕುಡಿಯಲು ಹೋಗುತ್ತಾರೆ. ಸುಳ್ಳು ಎನ್ನುತ್ತೀರಾ? ಹೋದ ದೀಪಾವಳಿಗೆ ಒಬ್ಬ ದರ್ಜಿ ಒಂದೇ ಬೆಳಗ್ಗೆ ಮೂರು ಸಲ ಚಹಾ ಕುಡಿದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ! ಎಪ್ಪತ್ತೆಂಟು ವರ್ಷದ ಅತ್ತೆಗೆ ಬೇಕಾದದ್ದು ಬುಗ್ಗೆ ತೋಳಿನ ರವಿಕೆ. ಅದೂ ಎಂಥ ಬುಗ್ಗೆ? ಒಳಗೆ ಒಂದೊಂದು ತೆಂಗಿನಕಾಯಿ ಇಟ್ಟಂತೆ ಉಬ್ಬಿರಬೇಕು, ಹತ್ತು ಸಲ ಒಗೆದರೂ ಸೊರಗಬಾರದು.

"ಅಮ್ಮಾ, ಈ ವಯಸ್ಸಿಗೆ ಇಷ್ಟು ಬುಗ್ಗೆ ಯಾಕ್ರೀ?" ಎಂದ ದರ್ಜಿ, ಕೊನೆಗೂ ಸಿಕ್ಕಿಬಿದ್ದಾಗ.

"ವಯಸ್ಸಾಗಿದ್ದು ನಂಗೆ, ತೋಳಿಗಲ್ಲ. ನೀ ಹೊಲಿ!"

ಇಷ್ಟಕ್ಕೆಲ್ಲ ಕಾರಣ ಒಬ್ಬ ಗಾಯಕಿ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು "ಅವರಿಗಿಂತ ಇನ್ನೊಬ್ಬರು ಚೆನ್ನಾಗಿ ಹಾಡ್ತಿದ್ರು" ಎನ್ನುತ್ತೀರಿ, ಅತ್ತೆ ವಿಳಾಸ ಹುಡುಕಿಕೊಂಡು ನಿಮ್ಮ ಮನೆಗೇ ಬರುತ್ತಾಳೆ.

ಅತ್ತೆ ಹುಟ್ಟಿ ಬೆಳೆದದ್ದು ಶಿಕಾರಿಪುರದಲ್ಲಿ. ಆಗ ಅವರ ಬೀದಿಗೆಲ್ಲ ಒಂದೇ ರೇಡಿಯೊ, ಅದು ಜವಳಿ ವ್ಯಾಪಾರಿಯೊಬ್ಬರ ಪಡಸಾಲೆಯಲ್ಲಿತ್ತು. ಹದಿನಾರರ ಅತ್ತೆ ಮತ್ತು ಅವಳ ಜೀವದ ಗೆಳತಿ ಕಿಟಕಿಯ ಕೆಳಗೆ ನೋಟುಬುಕ್ಕು ಹಿಡಿದು ನಿಲ್ಲುತ್ತಿದ್ದರು. ಹಾಡು ಓಡುತ್ತದೆ, ಪೆನ್ಸಿಲ್ ಓಡುವುದಿಲ್ಲ. ಅದಕ್ಕೆ ಒಂದು ಸಾಲು ಅತ್ತೆ, ಮುಂದಿನ ಸಾಲು ಗೆಳತಿ ಬರೆದುಕೊಳ್ಳಬೇಕು, ಆಮೇಲೆ ಕೂಡಿಸಬೇಕು. ಅತ್ತೆ ತನ್ನ ಸಾಲು ಬರೆಯುವ ಭರದಲ್ಲಿ ಜವಳಿಯವರ ಎಮ್ಮೆ ನೋಟುಬುಕ್ಕಿನ ಮೂಲೆ ತಿನ್ನುತ್ತಿದ್ದದ್ದನ್ನೂ ನೋಡಲಿಲ್ಲವಂತೆ. "ಪಲ್ಲವಿ ಪೂರ್ತಿ ಎಮ್ಮೆ ಹೊಟ್ಟೆಗೆ ಹೋತು, ಚರಣ ಉಳೀತು" ಎಂದು ಇಂದಿಗೂ ಹಲುಬುತ್ತಾಳೆ.

ಪತ್ರಿಕೆಯೊಂದರಲ್ಲಿ ಗಾಯಕಿಯ ಚಿತ್ರ ಬಂದದ್ದೇ ತಡ, ಅತ್ತೆ ಬುಗ್ಗೆ ತೋಳು ಹೊಲಿಸಿದಳು. ವಾರದೊಳಗೆ ಅರ್ಧ ತರಗತಿಯ ತೋಳುಗಳು ಉಬ್ಬಿದವು. ಹೆಡ್‌ಮೇಡಂ ಸ್ಕೇಲು ಹಿಡಿದು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಬುಗ್ಗೆ ಅಳೆದು, ಅತ್ತೆಯನ್ನು ಹೊರಗೆ ನಿಲ್ಲಿಸಿದರು. ಮರುವರ್ಷ ಶಾಲೆ ತೆರೆದಾಗ ಸ್ಕೇಲು ಇರಲಿಲ್ಲ. ಹೆಡ್‌ಮೇಡಂ ತೋಳೂ ಉಬ್ಬಿತ್ತು!

ಅಷ್ಟರಲ್ಲಿ ರೇಡಿಯೊದಲ್ಲಿ ಇನ್ನೊಬ್ಬ ಗಾಯಕಿಯ ದನಿ ಕೇಳಿಬಂತು. ಆಕೆ ತೊಡುತ್ತಿದ್ದದ್ದು ಮೊಣಕೈವರೆಗಿನ ತೋಳು. ಒಂದು ಸೋಮವಾರ ಗೆಳತಿ ಮೊಣಕೈ ತೋಳಿನ ರವಿಕೆ ತೊಟ್ಟು ಶಾಲೆಗೆ ಬಂದಳು. ಅತ್ತೆಗೆ ಆಕಾಶವೇ ಕಳಚಿಬಿತ್ತು.

"ನಿಮ್ಮಾಕಿ ಮೂಗಿನಾಗ ಹಾಡ್ತಾಳ" ಎಂದಳು ಗೆಳತಿ.

"ನಿಮ್ಮಾಕಿ ಬಾಯಿ ತೆಗೆದ್ರೆ ಗುಡವಿ ಕೆರೆ ಹಕ್ಕಿಯೆಲ್ಲ ಊರು ಬಿಡ್ತಾವೆ!" ಎಂದಳು ಅತ್ತೆ.

ಅಷ್ಟೇ. ಅಂದು ನಿಂತ ಮಾತು ಅರವತ್ತು ವರ್ಷ ನಿಂತೇ ಇತ್ತು. ಅತ್ತೆ ಮದುವೆಯಾಗಿ ಸೊರಬಕ್ಕೆ ಬಂದಳು, ಗೆಳತಿ ಶಿಕಾರಿಪುರದಲ್ಲೇ ಮದುವೆಯಾದಳು. ಒಮ್ಮೆ ಉಡುತಡಿಯ ಮದುವೆಯೊಂದರಲ್ಲಿ ಯಾರೋ ತಿಳಿಯದೆ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿಬಿಟ್ಟರು. ಗೆಳತಿಯ ಎಲೆಯಲ್ಲಿ ಹೋಳಿಗೆ ಮುಗಿದದ್ದನ್ನು ಕಂಡ ಅತ್ತೆ ಬಡಿಸುವವನನ್ನು ಕರೆದು, "ನೋಡಪ್ಪಾ, ಪಕ್ಕದೋರಿಗೆ ಹೋಳಿಗೆ ಬೇಕಾಗಿರಬೋದು" ಎಂದಳು. ಗೆಳತಿಯೂ ಅವನಿಗೇ, "ಪಕ್ಕದೋರಿಗೆ ತುಪ್ಪ ಇಲ್ಲ, ಹಾಕ್ರೀ" ಎಂದಳು. ಇದಕ್ಕೆ ಜಗಳ ಎನ್ನುವುದೋ ಉಪಚಾರ ಎನ್ನುವುದೋ ನೀವೇ ಹೇಳಿ!

ಕಳೆದ ತಿಂಗಳು ನಾನು ಅತ್ತೆಯ ಮನೆಗೆ ಹೋಗಿದ್ದಾಗ ಟಿವಿಯಲ್ಲಿ ಸುದ್ದಿ ಬಂತು. ಗೆಳತಿಯ ಗಾಯಕಿ ತೀರಿಕೊಂಡಿದ್ದರು. ಅತ್ತೆ ಗೆದ್ದವಳಂತೆ ಬೀಗುತ್ತಾಳೆ ಎಂದುಕೊಂಡು ನಾನು ಅವಳ ಮುಖ ನೋಡಿದೆ. ಅವಳು ಟಿವಿ ಆರಿಸಿ ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅನ್ನ, ತಿಳಿಸಾರು ತುಂಬಿದ ಕ್ಯಾರಿಯರ್ ಹಿಡಿದು, ಅಂಚಿಲ್ಲದ ಮಾಸಲು ಸೀರೆ ಉಟ್ಟು ಹೊರಬಂದಳು.

"ಕಾರು ತೆಗಿ. ಶಿಕಾರಿಪುರಕ್ಕೆ ಹೋಗ್ಬೇಕು."

"ಯಾಕತ್ತೆ?"

"ಯಾಕೆ ಅಂದ್ರೆ? ಅವಳ ಮನೇಲಿ ಸಾವಾಗಿದೆ ಮಾರಾಯ, ಮಾತಾಡಿಸ್ಕೊಂಡು ಬರಬ್ಯಾಡ್ವಾ?"

ನಗು ತಡೆಯಲು ನಾನು ತುಟಿ ಕಚ್ಚಿಕೊಂಡೆ. ಅವಳ ಸ್ವಂತ ಗಾಯಕಿ ತೀರಿಕೊಂಡು ಆಗಲೇ ಐದು ವರ್ಷವಾಗಿತ್ತು. ಆಗ ನಮ್ಮಲ್ಲಿ ಒಬ್ಬರೂ ಅತ್ತೆಯನ್ನು ಮಾತಾಡಿಸಿ ಬರಲು ಹೋಗಿರಲಿಲ್ಲ. ಅಂಥ ಸಾವಿಗೂ ಹೋಗುವುದುಂಟೆಂದು ನಮಗೆ ಹೊಳೆದೇ ಇರಲಿಲ್ಲ.

ಗೆಳತಿಯ ಸೊಸೆ ಬಾಗಿಲಲ್ಲೇ ಸಿಕ್ಕಳು. "ಬರ್ರೀ ಅಮ್ಮಾ. ಯಾರೋ ಹಾಡೋರು ತೀರ್ಕೊಂಡ್ರಂತೆ, ನಮ್ಮತ್ತಿ ಬೆಳಗ್ಗಿಂದ ನೀರೂ ಮುಟ್ಟಿಲ್ರೀ. ಮಕ್ಕಳೆಲ್ಲ ನಗಾಡ್ತಾವೆ" ಎಂದು ತಾನೂ ನಕ್ಕಳು. ಅತ್ತೆ ನಗಲಿಲ್ಲ. ಒಳಗೆ ಹೋಗಿ ಗೆಳತಿಯ ಪಕ್ಕದಲ್ಲಿ, ಅದೇ ಚಾಪೆಯ ಮೇಲೆ ಕುಳಿತಳು. ಬಾಗಿಲಲ್ಲಿ ನಿಂತಿದ್ದ ನನಗೆ ಕೆಮ್ಮಲೂ ಧೈರ್ಯವಾಗಲಿಲ್ಲ.

"ಮೇಲಿನ ಸ್ವರಕ್ಕೆ ನಿಮ್ಮಾಕಿ ಹೋದಂಗೆ ನಮ್ಮಾಕಿ ಹೋಗ್ತಿರಲಿಲ್ಲ ಬಿಡು" ಎಂದಳು ಅತ್ತೆ, ಗೋಡೆ ನೋಡುತ್ತ.

ಗೆಳತಿಯ ಕಣ್ಣಿಂದ ದಳದಳನೆ ನೀರಿಳಿಯಿತು. "ನಿಮ್ಮಾಕಿ ಹೋದಾಗ ನಾ ಬಂದಿದ್ದೆ ಕಣೆ. ಸೊರಬದ ಬಸ್‌ಸ್ಟ್ಯಾಂಡ್ ತನಕ ಬಂದೆ. ನೀ ಮಾತಾಡ್ತೀಯೋ ಇಲ್ಲೋ ಅಂತ ಹೆದರಿ, ಅದೇ ಬಸ್ಸಿಗೆ ತಿರುಗಿ ಹತ್ತಿದೆ."

ಅತ್ತೆ ಕ್ಯಾರಿಯರ್ ಬಿಚ್ಚಿ ಅನ್ನ ಕಲೆಸಿದಳು. ಒಂದು ತುತ್ತು ಎತ್ತಿ ಗೆಳತಿಯ ಬಾಯಿಗೆ ಹಿಡಿದಳು.

"ಗೊತ್ತಿದ್ರೆ ಬಸ್‌ಸ್ಟ್ಯಾಂಡಿಗೇ ಓಡಿಬರ್ತಿದ್ದೆ" ಎಂದಳು. "ಅವತ್ತು ನೀ ಬರ್ತೀಯ ಅಂತ ನಿಂಗೂ ಸೇರಿಸಿ ಅಕ್ಕಿ ಹಾಕಿದ್ದೆ ಕಣೆ."