ಪಕ್ಕೆಲುಬಿಗೆ ಒಪ್ಪಿದ ಗಿಟಾರು

ನಮ್ಮ ಭಾವನವರು ತಟ್ಟಿ ನೋಡದೆ ಈವರೆಗೆ ಯಾವ ವಸ್ತುವನ್ನೂ ಮನೆಯೊಳಗೆ ಬಿಟ್ಟುಕೊಂಡವರಲ್ಲ. ಹೆಂಡತಿಯೊಬ್ಬಳನ್ನು ಬಿಟ್ಟು! "ಅದೊಂದು ಮಾತ್ರ ಆತುರದಲ್ಲಿ ಆಗಿಹೋಯ್ತು" ಎಂದು ಅವರೇ ಹೇಳುತ್ತಾರೆ, ಅಕ್ಕ ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿಸುತ್ತಿದ್ದಾಳೆಂದು ಖಾತ್ರಿಯಾದ ಮೇಲೆ.

ಹಾಗಾಗಿ ಆ ಶನಿವಾರ ಬೆಳಗ್ಗೆ ಬರ್ಮಿಂಗ್‌ಹ್ಯಾಮಿನ ಗಿಟಾರ್ ಅಂಗಡಿಯಲ್ಲಿ ಯಾರ್ಯಾರಿದ್ದರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾಳೆ ಯಾರಾದರೂ ನಂಬದಿದ್ದರೆ ಸಾಕ್ಷಿ ಬೇಕಲ್ಲ! ಭಾವ ಇದ್ದರು. ಅವರ ಹೆಂಡತಿ, ಎಂದರೆ ನಮ್ಮಕ್ಕ ಇದ್ದಳು. ಶೆಫೀಲ್ಡಿನಿಂದ ಮೊದಲ ರೈಲು ಹಿಡಿದು ಬಂದ ನಾನಿದ್ದೆ. ನಮ್ಮಜ್ಜಿಯ ಮೂಗುಬೊಟ್ಟನ್ನು ನಾಚಿಸುವಂಥ ಮೂಗುತಿ ಹಾಕಿದ್ದ ಅಂಗಡಿಯ ಹುಡುಗಿ ಇದ್ದಳು. ಮತ್ತು ಸ್ಟ್ಯಾಂಡಿನ ಮೇಲೆ ಎರಡು ಗಿಟಾರುಗಳು. ಒಂದು ಗೋಧಿ ಬಣ್ಣದ್ದು, ಇನ್ನೊಂದು ಹುರಿದ ಕಾಫಿಬೀಜದ ಬಣ್ಣದ್ದು. ಬೆಲೆ ಹೆಚ್ಚುಕಡಿಮೆ ಒಂದೇ. ಮಕ್ಕಳ ಕೈಗೆ ಆಡಲು ಕೊಡುವಷ್ಟು ಅಗ್ಗವಲ್ಲ, ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕುವಷ್ಟು ದುಬಾರಿಯೂ ಅಲ್ಲ.

ಭಾವ ಎದೆ ಡಾಕ್ಟರು. ಹಾರ್ಬೋರ್ನಿನ ಮನೆಯಿಂದ ಆಸ್ಪತ್ರೆಗೆ ನಡೆದೇ ಹೋಗಿ, ನಡೆದೇ ಬಂದು, ಈಗ ರಿಟೈರ್ ಆಗಿದ್ದಾರೆ. ಸ್ಕ್ಯಾನುಗಳು ಬಂದ ಮೇಲೆ ಉಳಿದವರು ಅರ್ಧ ಮರೆತ ವಿದ್ಯೆಯೊಂದನ್ನು ಅವರು ಬಿಟ್ಟಿಲ್ಲ. ರೋಗಿಯ ಬೆನ್ನಿನ ಮೇಲೆ ಎಡಗೈಯ ನಡುಬೆರಳನ್ನು ಒತ್ತಿಟ್ಟು, ಅದರ ಮೇಲೆ ಬಲಗೈಯ ನಡುಬೆರಳಿನಿಂದ ಟಕ್ ಟಕ್ ಎಂದು ತಟ್ಟುವುದು. ಟೊಳ್ಳು ಸದ್ದು ಬಂದರೆ ಒಳಗೆ ಗಾಳಿ, ಮಂದವಾಗಿ ಬಂದರೆ ನೀರೋ ಕಫವೋ. ಆಸ್ಪತ್ರೆಯಲ್ಲಿ ತಟ್ಟಿದ್ದು ಸಾಲದೆ ಕಲ್ಲಂಗಡಿ ತಟ್ಟುತ್ತಾರೆ, ಸೂಟ್‌ಕೇಸು ತಟ್ಟುತ್ತಾರೆ. ಮನೆ ಕೊಳ್ಳುವ ಮುಂಚೆ ಗೋಡೆ ಗೋಡೆಯನ್ನೂ ತಟ್ಟಿ, "ಬಾತ್‌ರೂಮಿನ ಹಿಂದೆ ನೀರು ಸೇರಿದೆ" ಎಂದಿದ್ದರು. ಸರ್ವೇ ಮಾಡುವವನು ನಕ್ಕಿದ್ದ. ಒಡೆಸಿ ನೋಡಿದರೆ ನಿಜವಾಗಿಯೂ ಸೇರಿತ್ತು!

ಅಷ್ಟೇ ಆಗಿದ್ದರೆ ಸರಿ. ನನ್ನನ್ನು ಮದುವೆಯಾಗುವವರು ಮೊದಲ ಸಲ ಮನೆಗೆ ಬಂದಾಗ ಅಪ್ಪಿಕೊಳ್ಳುವ ನೆಪದಲ್ಲಿ ಅವರ ಬೆನ್ನನ್ನೂ ತಟ್ಟಿ, ಒಳಗೆ ಬಂದು ನನ್ನ ಕಿವಿಯಲ್ಲಿ ಹೇಳಿದ್ದರು: "ಹುಡುಗ ಗಟ್ಟಿ ಕಣಮ್ಮ. ಎಡಗಡೆ ಕೆಳಗೆ ಸ್ವಲ್ಪ ಗ್ಯಾಸ್ ಇದೆ, ಅಷ್ಟೇ."

ಇಂಥವರಿಗೆ ಗಿಟಾರು ಯಾತಕ್ಕೆ?

ಅಕ್ಕ ಹಾಡುತ್ತಾಳೆ. ಐದೂವರೆ ಶ್ರುತಿ. ಹೆಂಗಸರಲ್ಲೂ ಎತ್ತರದ ಶ್ರುತಿ ಅದು. ಹುಡುಗಿಯಾಗಿದ್ದಾಗ ಮೇಷ್ಟ್ರು ಕೂಡಿಸಿಕೊಟ್ಟದ್ದನ್ನು ಇವತ್ತಿಗೂ ಇಳಿಸಿಲ್ಲ ಎಂದು ಅವಳಿಗೆ ಒಳಗೊಳಗೇ ಜಂಬ. ಭಾವನಿಗೆ ಸಂಗೀತ ಬಾರದು. ಆದರೂ ಮದುವೆಯಾದಂದಿನಿಂದ ಅವಳ ಎಡಕ್ಕೆ ಕೂತು ಶ್ರುತಿ ನೋಡಿಕೊಳ್ಳುವ ಕೆಲಸ ಅವರದೇ. ಮೊದಲು ತಂಬೂರಿ ಮೀಟುತ್ತಿದ್ದರು. ಅದು ರೇಡಿಯೇಟರಿನ ಪಕ್ಕ ನಿಂತು ನಿಂತು ಬಿರುಕು ಬಿಟ್ಟ ಮೇಲೆ ಕರೆಂಟಿನ ಶ್ರುತಿಪೆಟ್ಟಿಗೆಯ ಗುಂಡಿ ಒತ್ತುತ್ತಿದ್ದರು. ಆಮೇಲೆ ಅವರ ಕಿವಿ ಮಂದವಾಯಿತು, ಕಿವಿಯಂತ್ರ ಬಂತು.

ಈ ಕಿವಿಯಂತ್ರದ ಬುದ್ಧಿವಂತಿಕೆಯನ್ನು ಏನೆಂದು ಹೇಳಲಿ! ಅದಕ್ಕೆ ಮಾತು ಬೇಕು, ಗದ್ದಲ ಬೇಡ. ಒಂದೇ ಸಮನೆ ಬರುವ ಸದ್ದು ಯಾವುದಿದ್ದರೂ ಫ್ರಿಜ್ಜೋ ಫ್ಯಾನೋ ಇರಬೇಕೆಂದು ಅಳಿಸಿಹಾಕುತ್ತದೆ. ಶ್ರುತಿ ಒಂದೇ ಸಮನೆ ಬರದೆ ಇನ್ನು ಹೇಗೆ ಬಂದೀತು? ಯಂತ್ರದ ಲೆಕ್ಕದಲ್ಲಿ ನಮ್ಮ ತಂಬೂರಿಯೂ ಒಂದು ಫ್ರಿಜ್ಜು!

ಹೋದ ಯುಗಾದಿಗೆ ಇಲ್ಲಿನ ಕನ್ನಡದವರೆಲ್ಲ ಸೇರಿ ಚರ್ಚ್ ಹಾಲಿನಲ್ಲಿ ಅಕ್ಕನ ಹಾಡು ಇಟ್ಟುಕೊಂಡಿದ್ದರು. ಪಲ್ಲವಿ ಮುಗಿಯುವ ಮೊದಲೇ ಶ್ರುತಿಪೆಟ್ಟಿಗೆ ಕೆಟ್ಟು ಸುಮ್ಮನಾಯಿತು. ಭಾವ ಮಾತ್ರ ಕಣ್ಣು ಮುಚ್ಚಿ, ಆನಂದದಿಂದ ತಲೆದೂಗುತ್ತಾ ಕೂತೇ ಇದ್ದರು. ಅಕ್ಕ ಬರೀ ಗಾಳಿಯನ್ನು ನಂಬಿ ಹಾಡು ಮುಗಿಸಿದಳು. ಕೊನೆಗೆ ಮುಂದಿನ ಸಾಲಿನವರೊಬ್ಬರು ಎದ್ದು ಬಂದು ಪೆಟ್ಟಿಗೆಗೆ ಎರಡು ಏಟು ಕೊಟ್ಟಾಗ ಜನ ನಕ್ಕರು. ಪ್ರೀತಿಯ ನಗುವೇ. ಆದರೆ ಮುಂದಿನ ಸಲ ಭಾವ ವೇದಿಕೆ ಹತ್ತಲಿಲ್ಲ. ಬಾಗಿಲ ಬಳಿ, ಕೋಟುಗಳನ್ನು ತೂಗುಹಾಕಿದ್ದ ಕಡೆ ನಿಂತುಕೊಂಡರು.

"ನಾನಿಲ್ಲೇ ಇರ್ತೀನಮ್ಮ. ಗಾಳಿ ಚೆನ್ನಾಗಿದೆ," ಎಂದರು. ಹೊರಗೆ ಆಲಿಕಲ್ಲು ಬೀಳುತ್ತಿತ್ತು.

ಅಕ್ಕನ ಎಡಗಡೆಯ ಆ ಜಾಗವನ್ನು ಮತ್ತೆ ಹಿಡಿಯಬೇಕು, ಅದಕ್ಕೇ ಗಿಟಾರು. ಎದೆಗೆ ಆನಿಸಿ ಹಿಡಿಯುವ ವಾದ್ಯವಾದರೆ ಕಿವಿಯ ಹಂಗು ಬೇಡ, ಶ್ರುತಿ ಪಕ್ಕೆಲುಬಿನಲ್ಲೇ ಸಿಗುತ್ತದೆ ಎಂಬುದು ಅವರ ಸಿದ್ಧಾಂತ. "ರಿಟೈರ್ ಆದ ಗಂಡಸರು ಅಲಾಟ್‌ಮೆಂಟ್ ಅಂತ ತುಂಡು ಜಮೀನು ಬಾಡಿಗೆಗೆ ತಗೊಂಡು ಆಲೂಗಡ್ಡೆ ಬೆಳೀತಾರೆ ಕಣೇ," ಎಂದು ದಾರಿಯುದ್ದಕ್ಕೂ ಅಕ್ಕ ನನ್ನ ಬಳಿ ಗೊಣಗಿದಳು. "ನನ್ನ ಹಣೇಲಿ ಗಿಟಾರ್ ಬರೆದಿತ್ತು ನೋಡು."

ಅಂಗಡಿಯ ಹುಡುಗಿ ನಗುಮುಖದಿಂದ ಇಂಗ್ಲಿಷಿನಲ್ಲಿ ಕೇಳಿದಳು: "ಯಾವ ಥರದ ಸಂಗೀತ ನುಡಿಸ್ತೀರಿ?"

"ಮೂರು ತಂತಿ," ಎಂದರು ಭಾವ.

"ಮೂರು...?"

"ಮೂರೇ. ಒಂದಾದ ಮೇಲೊಂದು. ಎರಡು ಗಂಟೆ."

ಹುಡುಗಿ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ಭಾವ ಗೋಧಿ ಬಣ್ಣದ್ದನ್ನು ಕೌಂಟರಿನ ಮೇಲೆ ಬೋರಲು ಮಲಗಿಸಿ ಬೆನ್ನು ತಟ್ಟತೊಡಗಿದರು. ಮೇಲೆ, ಕೆಳಗೆ, ಎಡ, ಬಲ. "ಆಹಾ! ಐವತ್ತು ವರ್ಷ ಸಿಗರೇಟು ಸೇದಿದವನ ಎದೆ. ಒಳಗೆ ಬರೀ ಗಾಳಿ. ಫಸ್ಟ್ ಕ್ಲಾಸ್!" ಆಮೇಲೆ ಕಾಫಿ ಬಣ್ಣದ್ದು. "ಇದು ಮೂವತ್ತಕ್ಕೇ ಸಿಗರೇಟು ಬಿಟ್ಟವನದು. ಗಾಳಿ ಸ್ವಲ್ಪ ಕಡಿಮೆ."

"ಎಲ್ಲರೂ ನುಡಿಸಿ ನೋಡ್ತಾರೆ," ಎಂದಳು ಹುಡುಗಿ. "ಬೆನ್ನು ತಟ್ಟಿದವರು ನೀವೇ ಮೊದಲು."

"ಮುಂದಿನಿಂದ ಎಲ್ಲರೂ ಚೆನ್ನಾಗೇ ಕಾಣ್ತಾರಮ್ಮ," ಎಂದರು ಭಾವ. "ಕಾಯಿಲೆ ಬಚ್ಚಿಟ್ಟುಕೊಳ್ಳೋದು ಬೆನ್ನಲ್ಲಿ."

ಮುಂದಿನದು ಅನಾಹುತ. ಅತಿ ದಪ್ಪನೆಯ ತಂತಿಯೇ ಎದೆಗೆ ಚೆನ್ನಾಗಿ ತಾಗುತ್ತದೆಂದು, ಕೈಯಲ್ಲಿದ್ದ ಕಾಫಿ ಬಣ್ಣದ್ದರಲ್ಲಿ ಅದನ್ನು ಅಕ್ಕನ ಐದೂವರೆಗೆ ಏರಿಸಲು ಬಿರಡೆ ತಿರುಗಿಸಿಯೇ ತಿರುಗಿಸಿದರು. ಹುಡುಗಿ "ಬೇಡ ಬೇಡ" ಎಂದು ಓಡಿಬರುವಷ್ಟರಲ್ಲಿ ಟಣ್!

"ಶುಭಾರಂಭ," ಎಂದಳು ಅಕ್ಕ.

ಅಂಗಡಿಯ ಹುಡುಗಿ ಪುಣ್ಯಾತ್ಗಿತ್ತಿ, ಬೈಯಲಿಲ್ಲ. ಹೊಸ ತಂತಿ ಹಾಕುತ್ತಾ ವಿವರಿಸಿದಳು: ಈ ದಪ್ಪ ತಂತಿ ಇರುವುದೇ ಕೆಳಗಿನ ಸ್ವರಕ್ಕೆ, ಅಷ್ಟು ಮೇಲಕ್ಕೆ ಎಳೆದರೆ ಅದು ಬಾಳುವುದಿಲ್ಲ. ಆ ಕೆಳಗಿನ ಸ್ವರ ನಮ್ಮ ಲೆಕ್ಕದಲ್ಲಿ ಮೂರು ಶ್ರುತಿ. ಐದೂವರೆಯೇ ಬೇಕೆಂದರೆ ನಡುವಿನ ತೆಳು ತಂತಿಗಳನ್ನು ಕೂಡಿಸಿಕೊಳ್ಳಬೇಕು. ಸರಿ, ಅಕ್ಕ ಮೂತಿ ಉಬ್ಬಿಸಿಕೊಂಡೇ ಷಡ್ಜ ಹಿಡಿದು ತೋರಿಸಿದಳು. ಹುಡುಗಿ ಎರಡೂ ಗಿಟಾರುಗಳ ತಂತಿಗಳನ್ನು ಅದಕ್ಕೆ ಸರಿಯಾಗಿ ಸ-ಪ-ಸ ಕೂಡಿಸಿಕೊಟ್ಟಳು.

ಭಾವ ಕಿವಿಯಂತ್ರ ಕಳಚಿ ನನ್ನ ಅಂಗೈಗೆ ಹಾಕಿ, ಗೋಧಿ ಬಣ್ಣದ್ದನ್ನು ಅಪ್ಪಿಕೊಂಡು ಕಣ್ಣು ಮುಚ್ಚಿದರು. ಮೀಟಿದರು. ಆಹಾ, ಎಂಥ ನಾದ! ಬೆಳ್ಳಿ ಲೋಟವನ್ನು ಉಗುರಿನಿಂದ ಮಿಡಿದ ಹಾಗೆ. "ಹಾಲಿನ ಕಡೇ ಸಾಲಿಗೂ ಕೇಳುತ್ತೆ," ಎಂದಳು ಹುಡುಗಿ. "ಇದೇ ಇರಲಿ," ಎಂದಳು ಅಕ್ಕ, ಆಸೆ ತಡೆಯಲಾರದೆ.

ಭಾವ ಅಡ್ಡಡ್ಡ ತಲೆಯಾಡಿಸಿದರು. "ಇದು ಎಲ್ಲರ ಹತ್ರಾನೂ ಹೋಗುತ್ತೆ. ನನ್ನ ಹತ್ರ ನಿಲ್ಲಲ್ಲ."

ಕಾಫಿ ಬಣ್ಣದ್ದನ್ನು ಎತ್ತಿಕೊಂಡರು. ನಮಗೆ ಅಷ್ಟೇನೂ ಕೇಳಿಸಲಿಲ್ಲ. ಕಂಬಳಿ ಹೊದ್ದು ಮಾತಾಡಿದಂತಿತ್ತು. ಆದರೆ ಭಾವನ ಹುಬ್ಬು ಏರಿತು. "ನಾಲ್ಕನೇ ಪಕ್ಕೆಲುಬು!" ಎಂದು ಕೂಗಿದರು. ಕಿವಿಯಂತ್ರವಿಲ್ಲದೆ ಅವರಿಗೆ ಮೆಲ್ಲಗೆ ಮಾತಾಡಲು ಬಾರದು. ಬೀದಿಯಲ್ಲಿ ಹೋಗುತ್ತಿದ್ದವರೂ ಗಾಜಿನಾಚೆಯಿಂದ ತಿರುಗಿ ನೋಡಿದರು. "ಸ್ವಲ್ಪ ಐದನೇದೂ!"

ಆಮೇಲೆ ಸುಮ್ಮನೆ ಕುತೂಹಲಕ್ಕೆಂದು ಹೊಸ ದಪ್ಪ ತಂತಿಯನ್ನು ಇದ್ದ ಹಾಗೇ ಮುಟ್ಟಿದರು. ಗಿಟಾರನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡರು. "ಇದು... ಇದು ಬೆನ್ನಿನವರೆಗೂ ಬರುತ್ತಲ್ಲೇ!"

"ಅದು ಅಕ್ಕನ ಶ್ರುತಿಯಲ್ಲ, ಭಾವ!" ನಾನೂ ಕೂಗಬೇಕಾಯಿತು. "ಅಕ್ಕನ ಶ್ರುತಿಗೆ ತೆಳು ತಂತೀನೇ ಗತಿ. ನಿಮಗೆ ಕಾಲುಭಾಗ ಸಿಗುತ್ತೋ ಇಲ್ವೋ!"

"ಸಿಕ್ಕಷ್ಟು ಸಿಗಲಿ ಬಿಡು. ಅವಳ ಶ್ರುತಿ ಅಲ್ಲಾಡಬಾರದು."

"ಸಾಕು, ಊರಿಗೆಲ್ಲ ಕೇಳಿಸ್ತು," ಎಂದಳು ಅಕ್ಕ. "ನನಗೇನೋ ಮೊದಲನೇದೇ ಇಷ್ಟ."

ಅವಳ ತುಟಿ ನೋಡಿಯೇ ಅರ್ಥಮಾಡಿಕೊಂಡ ಭಾವ ಗುಡುಗಿದರು: "ನಿನಗೆ ಕಿವಿ ಇದೆಯಲ್ಲೇ!"

ಕಾಫಿ ಬಣ್ಣದ್ದು ಹಾರ್ಬೋರ್ನಿಗೆ ಬಂತು. ಭಾವ ದಿನಾ ಬೆಳಗ್ಗೆ ಸ-ಪ-ಸ ಅಭ್ಯಾಸ ಮಾಡಿದರು, ಬೆರಳಿಗೆ ಬೊಬ್ಬೆ ಬರಿಸಿಕೊಂಡು ಬಂದವರಿಗೆಲ್ಲ ತೋರಿಸಿದರು. "ಎಷ್ಟು ಸಿಗ್ತಿದೆ ಭಾವ?" ಎಂದು ಫೋನಿನಲ್ಲಿ ಕೇಳಿದರೆ, "ಇವತ್ತು ಒಂದೂವರೆ ಪಕ್ಕೆಲುಬು" ಎನ್ನುತ್ತಿದ್ದರು, ಹವಾಮಾನ ವರದಿಯ ಹಾಗೆ.

ದೀಪಾವಳಿಯ ಸಂಜೆ ಅದೇ ಚರ್ಚ್ ಹಾಲಿನಲ್ಲಿ ಅಕ್ಕನ ಹಾಡಿತ್ತು. ಭಾವ ಗಿಟಾರು ಹಿಡಿದು ಅವಳ ಎಡಕ್ಕೆ ಕೂತಾಗ ಹಿಂದಿನ ಸಾಲುಗಳಲ್ಲಿ ಕಿಸಕ್ಕನೆ ಒಂದು ನಗು ಎದ್ದು ಅಡಗಿತು. ಅವರು ಕಿವಿಯಂತ್ರ ಕಳಚಿ ಜೇಬಿಗಿಟ್ಟುಕೊಂಡು, ತೆಳು ತಂತಿ ಕೂಡಿಸಲು ಬಿರಡೆಗೆ ಕೈಹಾಕಿದರು. ಅಕ್ಕ ಅವರ ಕೈಹಿಡಿದು ನಿಲ್ಲಿಸಿದಳು. ಆ ದಪ್ಪ ತಂತಿಯನ್ನು ತಾನೇ ಒಂದು ಸಲ ಮೀಟಿ, ಅಲ್ಲಿಗೆ ಷಡ್ಜ ಹಿಡಿದಳು. ಮೂರಕ್ಕೆ. ಸಂಜೆಯೆಲ್ಲ ಮೂರರಲ್ಲೇ ಹಾಡಿದಳು.

ಊಟದ ಸಾಲಿನಲ್ಲಿ ಒಬ್ಬಾಕೆ ಅಕ್ಕನನ್ನು ಕೇಳಿದರು: "ಏನ್ರೀ, ಶ್ರುತಿ ಇಷ್ಟೊಂದು ಇಳಿಸಿಬಿಟ್ರಿ?"

"ವಯಸ್ಸಾಯ್ತಲ್ಲಮ್ಮ," ಎಂದಳು ಅಕ್ಕ. "ಮೇಲಕ್ಕೆ ಹತ್ತಲ್ಲ."

ಅವತ್ತು ಬೆಳಗ್ಗೆ ಬೀನ್ಸ್ ಹೆಚ್ಚುತ್ತಾ ಅವಳು ಐದೂವರೆಯಲ್ಲಿ ಹಾಡಿಕೊಂಡದ್ದನ್ನು ನಾನು ಕೇಳಿದ್ದೆ. ಬಿಸಿಬೇಳೆ ಬಾತಿಗೆ ತಟ್ಟೆ ಮುಂದೆ ಹಿಡಿದೆ.